ಬೆಳಕೂ ತೂರುತ್ತದೆ!

2023ರ ಸೆಪ್ಟೆಂಬರ್ 2. ರೋಣ ತಾಲ್ಲೂಕಿನ ನಮ್ಮೂರ ಕಣದಲ್ಲಿ ಅಪ್ಪ ಹೆಸರು ತೂರುತ್ತಿದ್ದ. ಮಳೆ ಕೈಕೊಟ್ಟ ವರ್ಷ, ರಾಶಿ ಚಿಕ್ಕದು. ನಾನು ಬೇವಿನ ನೆರಳಲ್ಲಿ ಕೂತು ಮೊಬೈಲಿನಲ್ಲಿ ಆದಿತ್ಯ ಎಲ್-1 ಹಾರುವುದನ್ನು ನೋಡುತ್ತಿದ್ದೆ. ಎಲ್ ಅಂದರೇನು ಎಂದು ಅಪ್ಪ ಕೇಳಿದ. ಗಜೇಂದ್ರಗಡದಲ್ಲಿ ಬಿ.ಎಸ್ಸಿ. ಮುಗಿಸಿದ್ದರೂ ಅದು ಲಗ್ರಾಂಜ್ ಎಂಬ ಗಣಿತಜ್ಞನ ಹೆಸರು ಎಂಬುದಷ್ಟೇ ನನಗೆ ಗೊತ್ತಿತ್ತು. ನಾಚಿಕೆಯಾಯಿತು. ಮುಂದೆ ನರಗುಂದದ ಅಕ್ಕನ ಮನೆಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಆತನ ಬದುಕನ್ನೂ ಓದಿದೆ.

ಜೋಸೆಫ್ ಲೂಯಿ ಲಗ್ರಾಂಜ್ ಹುಟ್ಟಿದ್ದು 1736ರ ಜನವರಿ 25ರಂದು, ಇಟಲಿಯ ಟ್ಯೂರಿನ್‌ನಲ್ಲಿ. ಹನ್ನೊಂದು ಮಕ್ಕಳಲ್ಲಿ ಬದುಕಿ ದೊಡ್ಡವರಾದವರು ಇಬ್ಬರೇ. ತಂದೆ ದುಡ್ಡು ಹೂಡಿ ಕಳೆದುಕೊಂಡಿದ್ದರು. ಮಗ ವಕೀಲನಾಗಲಿ ಎಂಬುದು ಅವರ ಆಸೆ. ಆದರೆ ಹದಿನೇಳರ ಹರೆಯದಲ್ಲಿ ಖಗೋಳಜ್ಞ ಹ್ಯಾಲಿಯ ಲೇಖನವೊಂದನ್ನು ಓದಿದ ಹುಡುಗನಿಗೆ ಗಣಿತದ ಹುಚ್ಚು ಹಿಡಿಯಿತು. ಹೆಚ್ಚಿನದನ್ನು ತಾನೇ ಕಲಿತ. 1755ರಲ್ಲಿ ತನ್ನ ಹೊಸ ವಿಧಾನವನ್ನು ದೊಡ್ಡ ಗಣಿತಜ್ಞ ಆಯ್ಲರ್‌ಗೆ ಪತ್ರದಲ್ಲಿ ಬರೆದು ಕಳಿಸಿದ. ಅದೇ ವರ್ಷ ಟ್ಯೂರಿನ್‌ನ ಫಿರಂಗಿ ಶಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕಿತು. ಆಗ ವಯಸ್ಸು ಹತ್ತೊಂಬತ್ತು. ಮನೆಯಲ್ಲಿ ಸಿರಿತನ ಉಳಿದಿದ್ದರೆ ಗಣಿತದ ಕಡೆ ಬರುತ್ತಿರಲಿಲ್ಲವೇನೋ ಎಂದು ಆತ ನೆನೆಯುತ್ತಿದ್ದನಂತೆ. ಉಳ್ಳಾಗಡ್ಡಿಯಲ್ಲಿ ಕೈಸುಟ್ಟುಕೊಂಡ ಮನೆಯಿಂದ ಬಂದ ನನಗೆ ಇದು ನಾಟಿತು.

1766ರಲ್ಲಿ ಆಯ್ಲರ್ ಬಿಟ್ಟುಹೋದ ಜಾಗಕ್ಕೆ ಬರ್ಲಿನ್‌ಗೆ ಹೋದ. ಆಕಾಶದಲ್ಲಿ ಎರಡೇ ಕಾಯಗಳಿದ್ದರೆ ಅವುಗಳ ಹಾದಿಯ ಲೆಕ್ಕ ಬಗೆಹರಿಯುತ್ತದೆ. ಮೂರನೆಯದು ಸೇರಿದರೆ ಗೋಜಲು. ಸೂರ್ಯ ಮತ್ತು ಭೂಮಿಯೊಂದಿಗೆ ಸಣ್ಣ ವಸ್ತುವೊಂದು ಹೊಂದಿಕೊಂಡು ಸುತ್ತಬಲ್ಲ ಜಾಗಗಳು ಐದು. ಒಂದೇ ಗೆರೆಯ ಮೇಲಿನ ಮೂರನ್ನು ಆಯ್ಲರ್ ಕಂಡಿದ್ದ. ಸಮಬಾಹು ತ್ರಿಭುಜದ ತುದಿಯಲ್ಲಿ ಬರುವ ಎರಡನ್ನು 1772ರಲ್ಲಿ ಲಗ್ರಾಂಜ್ ತೋರಿಸಿದ. ಪ್ಯಾರಿಸ್ ಅಕಾಡೆಮಿಯ ಬಹುಮಾನವೇನೋ ಬಂತು. ಆದರೆ ಅಂಥ ಜಾಗದಲ್ಲಿ ಇರುವ ಒಂದು ವಸ್ತುವೂ ಆಗ ಯಾರಿಗೂ ಗೊತ್ತಿರಲಿಲ್ಲ. ಗುರು ಗ್ರಹದ ಹಾದಿಯಲ್ಲಿ ಅಕಿಲೀಸ್ ಎಂಬ ಕ್ಷುದ್ರಗ್ರಹ ಸಿಕ್ಕಿದ್ದು 1906ರಲ್ಲಿ!

1783ರಲ್ಲಿ ಹೆಂಡತಿ ತೀರಿಕೊಂಡಳು. ಪ್ಯಾರಿಸ್‌ಗೆ ಬಂದರೂ ಮಂಕು ಬಿಡಲಿಲ್ಲ. 1788ರಲ್ಲಿ ಅಚ್ಚಾದ ತನ್ನ ಮಹಾಗ್ರಂಥವನ್ನು ಎರಡು ವರ್ಷ ತೆರೆದೂ ನೋಡಲಿಲ್ಲವಂತೆ. ಕ್ರಾಂತಿಯ ದಿನಗಳಲ್ಲಿ, ವಿದೇಶಿಯರನ್ನು ಬಂಧಿಸುವ ಆದೇಶದಿಂದ ಆತನನ್ನು ಕಾಪಾಡಿದವನು ರಸಾಯನಶಾಸ್ತ್ರಜ್ಞ ಲವಾಸಿಯೇ. ಮರುವರ್ಷ ಆ ಲವಾಸಿಯೇನ ತಲೆಯನ್ನೇ ಕಡಿದರು. ಇಷ್ಟಾದರೂ ಲಗ್ರಾಂಜ್ ಕಲಿಸುವುದನ್ನು ಬಿಡಲಿಲ್ಲ. 1813ರ ಏಪ್ರಿಲ್ 10ರಂದು ತೀರಿಕೊಂಡ.

ಆತನ ಲೆಕ್ಕದಲ್ಲಿ ಇದ್ದದ್ದು ಗುರುತ್ವ ಮಾತ್ರ. ಬೆಳಕೂ ತಳ್ಳುತ್ತದೆ ಎಂದು 1873ರಲ್ಲಿ ಮ್ಯಾಕ್ಸ್‌ವೆಲ್ ಹೇಳಿದ. ಮುಂದೆ ರಷ್ಯಾದ ಲೆಬೆದೆವ್ ಅದನ್ನು ಅಳೆದ. ಭೂಮಿಯ ದೂರದಲ್ಲಿ ಒಂದು ಚದರ ಮೀಟರ್ ಕನ್ನಡಿಗೆ ಬಿಸಿಲು ಕೊಡುವ ತಳ್ಳು ಸುಮಾರು ಒಂದು ಮಿಲಿಗ್ರಾಂ ತೂಕದಷ್ಟು. ಅದೇನು ಮಹಾ ಅನ್ನಿಸಬಹುದು. ಕಣದಲ್ಲಿ ತೂರುವುದನ್ನು ನೆನೆಯಿರಿ. ಗಾಳಿ ಒಂದೇ, ಕಾಳು ನೇರ ಬೀಳುತ್ತದೆ, ಹೊಟ್ಟು ಹಾರುತ್ತದೆ. ತೂಕ ಕಡಿಮೆ, ಹರವು ಹೆಚ್ಚು ಇದ್ದಷ್ಟೂ ತಳ್ಳು ಜೋರು. ಬಿಸಿಲಿಗೆ ಭೂಮಿ ಕಾಳು; ಸೌರಫಲಕ ಚಾಚಿದ ನೌಕೆ ಹೊಟ್ಟಿನಂತೆ.

ಆದಿತ್ಯ ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಮೊದಲ ಬಿಂದುವಿನ ಸುತ್ತ. ಬೆಳಕಿನ ತಳ್ಳು ಸೂರ್ಯನ ಸೆಳೆತವನ್ನು ತುಸು ತಗ್ಗಿಸುವುದರಿಂದ ನೌಕೆಯ ಮಟ್ಟಿಗೆ ಆ ಬಿಂದು ಸೂರ್ಯನತ್ತ ಕೊಂಚ ಸರಿಯುತ್ತದೆ. ಗುಡ್ಡದ ನೆತ್ತಿಯ ಮೇಲಿಟ್ಟ ಗೋಲಿಯಂಥ ಜಾಗವದು. ಸಣ್ಣ ತಪ್ಪೂ ಬೆಳೆಯುತ್ತಾ ಹೋಗುತ್ತದೆ. ಚಂದ್ರ ಮತ್ತು ಇತರ ಗ್ರಹಗಳ ಸೆಳೆತದ ಜೊತೆ ಬಿಸಿಲಿನ ತಳ್ಳನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. 2024ರ ಜನವರಿ 6ರಂದು ಕಕ್ಷೆ ಸೇರಿದ ಆದಿತ್ಯ ಜುಲೈ 2ರಂದು ಮೊದಲ ಸುತ್ತು ಮುಗಿಸಿತು. ಅಷ್ಟರಲ್ಲಿ ಇಸ್ರೋ ಮೂರು ಬಾರಿ ಅದರ ಹಾದಿ ತಿದ್ದಿತ್ತು.

ಎರಡು ಪರೀಕ್ಷೆಗಳಲ್ಲಿ ಕಟ್‌ಆಫ್ ತಪ್ಪಿದ ಮೇಲೆ, ಓದಿದ್ದೆಲ್ಲ ದಂಡ ಎಂದು ನಾನು ಪುಸ್ತಕ ಕಟ್ಟಿಟ್ಟಿದ್ದೆ. ಲಗ್ರಾಂಜನ ಲೆಕ್ಕ 134 ವರ್ಷ ಕಾಯಿತು. ಆತ ಬಿಟ್ಟದ್ದನ್ನು ಬೇರೆಯವರು ಸೇರಿಸಿದರು. ಹೀಗೆ ಯೋಚಿಸಿಯೇ ಎಂ.ಎಸ್ಸಿ. ಗಣಿತಕ್ಕೆ ಅರ್ಜಿ ಹಾಕಿದ್ದೇನೆ. ನೌಕರಿಯ ಓದೂ ಬಿಟ್ಟಿಲ್ಲ. ಬೆಳಕೂ ತೂರುತ್ತದೆ ಎಂದರೆ ಅಪ್ಪ ಇನ್ನೂ ನಂಬಿಲ್ಲ. ಮುಂದಿನ ಸುಗ್ಗಿಯಲ್ಲಿ ಕಣದಲ್ಲೇ ಕೂರಿಸಿ ಹೇಳಬೇಕು.