ಖಾನ್‌ಸಾಹೇಬರ ತಂಬೂರಿ

ನಮ್ಮ ತಂದೆಯವರು ಬೈಲಹೊಂಗಲದಲ್ಲಿ ಶಾಲಾ ಮಾಸ್ತರರಾಗಿದ್ದರು. ಅವರು ಬಿಟ್ಟುಹೋದ ಅಲ್ಪಸ್ವಲ್ಪ ಆಸ್ತಿಯಲ್ಲಿ ಮಿರಜಿನ ಒಂದು ತಂಬೂರಿಯೂ ಸೇರಿತ್ತು. ಬಹುಕಾಲ ಅದು ಪಡಸಾಲೆಯ ಮೂಲೆಯಲ್ಲಿ ಗವಸು ಹೊದ್ದುಕೊಂಡು ನಿಂತಿತ್ತು. ಕೆಲವು ವರ್ಷಗಳ ಹಿಂದೆ ಗವಸು ತೆಗೆದು ನೋಡಿದಾಗ ಬುರುಡೆಯಲ್ಲಿ ಒಂದು ಸೀಳು ಬಿಟ್ಟಿರುವುದು ಕಂಡಿತು. ಈಗ ಅಂಗೈಯಗಲದ ವಿದ್ಯುತ್ ಪೆಟ್ಟಿಗೆಯೇ ಶ್ರುತಿ ಹಿಡಿಯುತ್ತಿರುವಾಗ ಇದನ್ನು ರಿಪೇರಿ ಮಾಡಿಸಿ ಫಲವೇನೆಂದು ಮನೆಯ ಹುಡುಗರು ಕೇಳಿದರು. ಅವರಿಗೆ ಏನು ಉತ್ತರ ಕೊಡಬೇಕೆಂಬುದು ನನಗೆ ಆಗ ತಿಳಿಯಲಿಲ್ಲ. ತಂಬೂರಿಯನ್ನು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಮಿರಜಿಗೆ ಹೋದೆ. ಅಲ್ಲಿ ಕೆಲಸ ಮುಗಿಯುವವರೆಗೆ ಕಾದ ಎರಡು ದಿನಗಳಲ್ಲಿ ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರ ಸಮಾಧಿಯನ್ನು ಕಂಡೆ. ಅವರ ಬಾಳನ್ನು ಮೊದಲಿನಿಂದ ನೆನೆದುಕೊಳ್ಳುವಂತೆ ಮಾಡಿದ್ದು ಆ ದರ್ಶನವೇ.

ಅವರ ಕಥೆಗೆ ಮೊದಲು ಆ ಊರಿನ ಕಥೆಯನ್ನು ಹೇಳಬೇಕು. ನಮ್ಮ ಕಿತ್ತೂರಿನ ಕೋಟೆಯ ಮುಂದೆ ನಿಂತಾಗಲೆಲ್ಲ ಕತ್ತಿ ಹಿಡಿದವರ ನೆನಪು ಬರುತ್ತದೆಯೇ ಹೊರತು, ಆ ಕತ್ತಿಗಳಿಗೆ ಸಾಣೆ ಹಿಡಿದವರು ಮುಂದೆ ಏನಾದರೆಂದು ಯಾರೂ ಕೇಳುವುದಿಲ್ಲ. ೧೮೧೮ರಲ್ಲಿ ಪೇಶವೆಯವರ ಆಳಿಕೆ ಮುಗಿಯಿತು. ೧೮೨೪ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಕತ್ತಿಗಳ ಕಾಲ ತೀರುತ್ತ ಬಂದಂತೆ ಅವುಗಳಿಗೆ ಸಾಣೆ ಹಿಡಿಯುವ ಶಿಕಲಗಾರರ ಕೈಗೆ ಕೆಲಸವಿಲ್ಲದಾಯಿತು. ಪಟವರ್ಧನ ಮನೆತನದವರು ಆಳುತ್ತಿದ್ದ ಮಿರಜಿನಲ್ಲಿ ಸಂಗೀತಕ್ಕೆ ಆಶ್ರಯವಿದ್ದಿತು. ಆದರೆ ಉತ್ತರದಿಂದ ಬಂದ ವಾದ್ಯಗಳು ಕೆಟ್ಟರೆ ತಿದ್ದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ಕೆಲಸ ಫರೀದಸಾಹೇಬನೆಂಬ ಶಿಕಲಗಾರನ ಪಾಲಿಗೆ ಬಂದಿತು. ಮುರಿದುದನ್ನು ತಿದ್ದುತ್ತ ತಿದ್ದುತ್ತ ಆತನು ಹೊಸದನ್ನು ಕಟ್ಟುವುದನ್ನು ಕಲಿತನು. ಪಂಢರಪುರದ ಕಡೆಯ ದೊಡ್ಡ ಸೋರೆಬುರುಡೆ, ಕೆಂಪು ಛಾಯೆಯ ಹಗುರವಾದ ತುನ್ ಮರ, ಇವೆರಡರಿಂದ ಮಿರಜಿನ ತಂಬೂರಿ ಹುಟ್ಟಿತು. ಆತನ ವಂಶದವರು ಕ್ರಮೇಣ ಸತಾರಮೇಕರರೆಂಬ ಅಡ್ಡಹೆಸರನ್ನು ಪಡೆದರು. ಹೀಗೆ ವಾದ್ಯ ಕಟ್ಟುವವರ ಊರಾದ ಮಿರಜಿಗೆ, ವಾದ್ಯವನ್ನು ತಮ್ಮ ಕೈಯಿಂದಲೇ ತಿದ್ದಬಲ್ಲ ಒಬ್ಬ ಗಾಯಕರು ಬಂದು ನೆಲೆಸಿದರು.

ಅಬ್ದುಲ್ ಕರೀಮರು ಹುಟ್ಟಿದ್ದು ೧೮೭೨ರ ನವೆಂಬರಿನಲ್ಲಿ, ದಿಲ್ಲಿಗೆ ಉತ್ತರದಲ್ಲಿರುವ ಕೈರಾನಾ ಎಂಬ ಸಣ್ಣ ಊರಿನಲ್ಲಿ. ಕಿರಾಣಾ ಘರಾಣೆಗೆ ಆ ಹೆಸರು ಬಂದುದು ಈ ಊರಿನಿಂದಲೇ. ತಂದೆ ಕಾಲೇ ಖಾನರು, ಚಿಕ್ಕಪ್ಪ ಅಬ್ದುಲ್ಲಾ ಖಾನರು ಮೊದಲ ಗುರುಗಳು. ಆ ಮನೆತನದಲ್ಲಿ ಹಾಡುವವರಿದ್ದಂತೆ ಸಾರಂಗಿ, ಬೀನ್ ನುಡಿಸುವವರೂ ಇದ್ದರು. ಬಾಲಕನು ಕಂಠವನ್ನು ಪಳಗಿಸುವುದರ ಜೊತೆಗೆ ಈ ವಾದ್ಯಗಳನ್ನೂ ಕಲಿತನು. ಸಾರಂಗಿಯಲ್ಲಿ ಮೆಟ್ಟಿಲುಗಳಿಲ್ಲ, ಸ್ವರದ ಸ್ಥಾನವನ್ನು ಕಿವಿಯೇ ಹುಡುಕಬೇಕು. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಹಿಡಿದು, ಅದು ನಿಂತಲ್ಲಿ ತಾವೂ ನಿಲ್ಲುವ ಅವರ ಮುಂದಿನ ಗಾಯನಕ್ಕೆ ತಳಹದಿ ಈ ಅಭ್ಯಾಸದಲ್ಲಿಯೇ ಇದ್ದಿತೆಂದು ನನ್ನ ಭಾವನೆ.

ತಾರುಣ್ಯದಲ್ಲಿ ಅವರು ತಮ್ಮ ಅಬ್ದುಲ್ ಹಕ್ಕನೊಡನೆ ಬಡೋದೆಯ ದರಬಾರನ್ನು ಸೇರಿದರು. ಅಲ್ಲಿ ರಾಜಮನೆತನದ ಸಂಬಂಧಿಕರಾದ ಸರದಾರ ಮಾನೆಯವರ ಮಗಳು ತಾರಾಬಾಯಿಗೆ ಸಂಗೀತ ಕಲಿಸುತ್ತಿದ್ದಾಗ ಪ್ರೇಮ ಬೆಳೆದು, ಇಬ್ಬರೂ ಬಡೋದೆಯನ್ನು ಬಿಟ್ಟು ಹೊರಬಿದ್ದರು. ದರಬಾರಿನ ಆಶ್ರಯ ಹೋಯಿತು. ಮುಂಬಯಿಯನ್ನು ಹಾದು ದಕ್ಷಿಣಕ್ಕೆ ಬಂದರು. ಮಿರಜಿನಲ್ಲಿ ಅವರಿಗೆ ಪ್ಲೇಗು ತಗಲಿದಾಗ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಗುಣ ಹೊಂದಿದರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆ ದರ್ಗಾದ ಮೇಲಣ ಭಕ್ತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲವೆಂಬುದಂತೂ ನಿಜ.

ಆಗಿನ ಕಾಲದಲ್ಲಿ ಮಿರಜ, ಸಾಂಗಲಿ, ಜಮಖಂಡಿ, ನಮ್ಮ ರಾಮದುರ್ಗ ಇವೆಲ್ಲ ಒಂದರ ಮಗ್ಗುಲಿಗೊಂದು ಇದ್ದ ಸಂಸ್ಥಾನಗಳು. ೧೯೪೮ರವರೆಗೆ ಹಾಗೆಯೇ ಉಳಿದವು. ಮರಾಠಿಯೂ ಕನ್ನಡವೂ ಒಂದೇ ಪೇಟೆಯಲ್ಲಿ ಓಡಾಡುತ್ತಿದ್ದವು. ಮಿರಜಿನಿಂದ ಬೆಳಗಾವಿ, ಧಾರವಾಡಗಳಿಗೆ ರೈಲು ಬಂದ ಮೇಲೆ ಹಾಡುವವರೂ ತಂಬೂರಿಗಳೂ ಅದೇ ದಾರಿಯಲ್ಲಿ ನಮ್ಮ ನಾಡಿಗೆ ಇಳಿದುಬಂದವು. ಖಾನ್‌ಸಾಹೇಬರು ಧಾರವಾಡ, ಹುಬ್ಬಳ್ಳಿಗಳಿಗೆ ಬಾರಿಬಾರಿಗೂ ಬರುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯನಾಗಿ, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. ಧಾರವಾಡಕ್ಕೆ ಬಂದಾಗ ಖಾನ್‌ಸಾಹೇಬರು ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಕರ್ನಾಟಕ ಸಂಗೀತವನ್ನು ಮನಸಾರೆ ಕೇಳುತ್ತಿದ್ದರಂತೆ. ಪ್ರಸಿದ್ಧಿಗೆ ಬಂದ ಉಸ್ತಾದರು ಬೇರೆ ಪದ್ಧತಿಯ ಗಾಯಕಿಯೊಬ್ಬರ ಎದುರಿಗೆ ಕೇಳುಗನಾಗಿ ಕೂಡುವುದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಾಗಿರಲಿಲ್ಲ.

ಅವರ ಕಂಠದ ಮಾಧುರ್ಯವನ್ನು ಎಲ್ಲರೂ ಹೊಗಳುತ್ತಾರೆ. ಅವರ ಕೈಯ ಕೆಲಸವನ್ನು ನೆನೆಯುವವರು ಕಡಿಮೆ. ವಾದ್ಯ ತಿದ್ದುವ ಹತಾರುಗಳನ್ನು ಅವರು ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ತಂಬೂರಿಯ ಧ್ವನಿ ಮನಸ್ಸಿಗೆ ಬಾರದಿದ್ದರೆ ತಾವೇ ಕುಳಿತು ಸರಿಪಡಿಸುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ತಮ್ಮ ಚೌಡಿಕೆಯ ತಂತಿಯನ್ನು ತಾವೇ ಬಿಗಿದುಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ಕಂಡವನು. ಅವರಿಗೆ ಸಹಜವಾದ ಆ ಕೆಲಸವನ್ನು ದರಬಾರಿನ ಗಾಯಕರೊಬ್ಬರು ತಮ್ಮ ಘನತೆಗೆ ಕುಂದೆಂದು ತಿಳಿಯಲಿಲ್ಲವೆಂಬುದು ನನಗೆ ಬಹಳ ಹಿಡಿಸಿದೆ.

ತಂಬೂರಿಯ ಗುಟ್ಟು ಅದರ ಕುದುರೆಯಲ್ಲಿದೆ. ತಂತಿಗಳನ್ನು ಹೊತ್ತ ಈ ಅಗಲವಾದ ತುಂಡಿನ ಮೇಲ್ಮೈ ಸಮತಟ್ಟಾಗಿ ಕಂಡರೂ ಅತಿ ಸೂಕ್ಷ್ಮವಾದ ಇಳಿಜಾರನ್ನು ಪಡೆದಿರುತ್ತದೆ. ಮಿಡಿದ ತಂತಿಯು ಆ ಇಳಿಜಾರನ್ನು ಸವರುತ್ತ ಕಂಪಿಸಿದಾಗ ಮೂಲಸ್ವರದೊಡನೆ ಅದರ ಮೇಲಣ ಸ್ವರಗಳೂ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಜವಾರಿಯೆಂದು ಹೆಸರು. ತಂತಿಯ ಕೆಳಗೆ ಹೊಂದಿಸುವ ಒಂದು ಎಳೆ ದಾರ ಆ ನಾದವನ್ನು ಅರಳಿಸುತ್ತದೆ. ಆ ದಾರವನ್ನು ಜೀವವೆಂದೇ ಕರೆಯುತ್ತಾರೆ. ಕುದುರೆಯನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ನಾದ ಒಡೆಯುತ್ತದೆ. ಜವಾರಿ ಸರಿಯಾಗಿದ್ದು ಶ್ರುತಿ ಕೂಡಿದಾಗ, ಯಾರೂ ಮಿಡಿಯದ ಗಾಂಧಾರವೊಂದು ಷಡ್ಜದ ತಂತಿಯಿಂದ ತಾನಾಗಿ ಏಳುತ್ತದೆ. ಖಾನ್‌ಸಾಹೇಬರ ಕಿವಿ ಹುಡುಕುತ್ತಿದ್ದುದು ಇಂಥ ಗಾಂಧಾರವನ್ನು. ಹಾರ್ಮೋನಿಯಮ್ಮಿನ ಗಾಂಧಾರವು ಇದಕ್ಕಿಂತ ಅರ್ಧಸ್ವರದ ಏಳರಲ್ಲೊಂದು ಪಾಲಿನಷ್ಟು ಏರಿ ನಿಂತಿರುತ್ತದೆ. ಕೇಳಲು ಇದು ಅತಿ ಅಲ್ಪವಾದ ಭೇದ. ಅವರಿಗೆ ಅದು ಅಲ್ಪವಾಗಿರಲಿಲ್ಲ.

ಈ ಅಲ್ಪ ಭೇದವೇ ಅವರನ್ನು ಒಂದು ದೊಡ್ಡ ವಾದದೊಳಗೆ ಎಳೆಯಿತು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಸರಕಾರಿ ಹುದ್ದೆಯಿಂದ ನಿವೃತ್ತರಾಗಿ, ಇಪ್ಪತ್ತೆರಡು ಶ್ರುತಿಗಳನ್ನು ಅಳೆದು ತೋರಿಸುವ ಕೆಲಸಕ್ಕೆ ಕೈಹಾಕಿದ್ದರು. ಅದಕ್ಕೆ ಖಾನ್‌ಸಾಹೇಬರು ತಮ್ಮ ಕಂಠವನ್ನು ಒಡ್ಡಿದರು. ದೇವಲರ ಗ್ರಂಥ ೧೯೧೦ರಲ್ಲಿ ಹೊರಬಂದಿತು. ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧೀಶರು ಅದನ್ನು ಮೆಚ್ಚಿ, ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಮ್ಮನ್ನು ಲಂಡನ್ನಿನಲ್ಲಿ ಮಾಡಿಸಿದರು. ೧೯೧೬ರಲ್ಲಿ ಮೊದಲನೆಯ ಅಖಿಲ ಭಾರತ ಸಂಗೀತ ಪರಿಷತ್ತು ಕೂಡಿದ್ದು ಬಡೋದೆಯಲ್ಲಿ, ಖಾನ್‌ಸಾಹೇಬರು ಹಿಂದೊಮ್ಮೆ ಎಲ್ಲವನ್ನೂ ಬಿಟ್ಟು ಹೊರಟ ಆ ಊರಿನಲ್ಲಿಯೇ. ಆ ಹಾರ್ಮೋನಿಯಮ್ಮು ಅಲ್ಲಿ ವಿದ್ವಾಂಸರ ಮುಂದೆ ಬಂದಿತು. ಭಾತಖಂಡೆಯವರು ಮೊದಲಾದವರು ಆ ಲೆಕ್ಕವನ್ನು ಒಪ್ಪಲಿಲ್ಲ. ರಾಗದ ನಡೆಯೊಡನೆ ಸರಿದಾಡುವ ಶ್ರುತಿಯನ್ನು ಒಂದು ಬೆರಳುಮನೆಯಲ್ಲಿ ಕಟ್ಟಿಹಾಕುವುದು ಸಾಧ್ಯವೇ ಎಂಬ ಸಂದೇಹ ನನಗೂ ಇದೆ. ಆ ವಾದ್ಯ ಬಳಕೆಯಲ್ಲಿ ನಿಲ್ಲಲೂ ಇಲ್ಲ. ಆದರೆ ಮನೆತನದ ವಿದ್ಯೆಯನ್ನು ಮುಚ್ಚಿಡುವುದೇ ರೂಢಿಯಾಗಿದ್ದ ದಿನಗಳಲ್ಲಿ ಒಬ್ಬ ಉಸ್ತಾದರು ತಮ್ಮ ಸ್ವರವನ್ನು ಅಳತೆಗೋಲಿನ ಮುಂದೆ ಇಟ್ಟರಲ್ಲ, ಆ ಧೈರ್ಯವನ್ನು ಯಾವ ಪರಿಷತ್ತಿನ ತೀರ್ಪೂ ಅಳಿಸಲಾರದು.

ಮನೆತನದ ಹೊರಗಿನವರಿಗೂ ಕಲಿಸಬೇಕೆಂದು ಅವರು ೧೯೧೩ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಅದು ಬಹುಕಾಲ ನಡೆಯಲಿಲ್ಲ. ೧೯೨೨ರ ಸುಮಾರಿಗೆ ತಾರಾಬಾಯಿಯವರು ಮಕ್ಕಳೊಡನೆ ಬೇರೆಯಾದರು. ಆ ಮಕ್ಕಳೇ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಎಂದು ಸಂಗೀತದಲ್ಲಿ ಹೆಸರಾದರು. ತಂದೆಯ ಹೆಸರನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. ಶ್ರುತಿಯಲ್ಲಿ ಎಳೆಯಷ್ಟು ವಿರಸವನ್ನೂ ಸಹಿಸದ ಮನುಷ್ಯನಿಗೆ ಸಂಸಾರದ ಶ್ರುತಿ ಕೂಡಿಬರಲಿಲ್ಲ. ಇದನ್ನು ಮರೆಮಾಡಿ ಬರೆದರೆ ಅವರ ಬಾಳು ಅರ್ಧವಾದೀತು. ಅವರು ಮಿರಜಿನಲ್ಲಿ ನೆಲೆನಿಂತರು.

ಆಮೇಲಣ ವರ್ಷಗಳಲ್ಲಿ ಅವರ ಕೀರ್ತಿ ಇನ್ನೂ ಬೆಳೆಯಿತು. ಮೈಸೂರಿನ ಅರಮನೆ ಅವರನ್ನು ಕರೆಸಿ ಗೌರವಿಸಿತು. ದಕ್ಷಿಣದ ಸಂಗೀತದ ಸಹವಾಸದಿಂದ ಅವರ ಸರಗಮ್ಮಿಗೆ ಹೊಸ ಕಳೆ ಬಂದಿತು; ತ್ಯಾಗರಾಜರ ಕೃತಿಯೊಂದನ್ನೂ ಅವರು ಧ್ವನಿಮುದ್ರಿಕೆಗೆ ಹಾಡಿದರು. ಆ ಮುದ್ರಿಕೆಗಳಲ್ಲಿ ಕರಕರ ಸದ್ದಿನ ಹಿಂದೆ ತಂಬೂರಿಯ ಝೇಂಕಾರವು ಕ್ಷೀಣವಾಗಿ ಕೇಳಿಬರುತ್ತದೆ. ಆ ತೆಳು ಎಳೆಯನ್ನು ಹಿಡಿದೇ ಅವರ ಧ್ವನಿ ಮೇಲೇರುವುದನ್ನು ವಿದ್ಯಾರ್ಥಿಗಳು ಗಮನಿಸಿ ಕೇಳಬೇಕು.

೧೯೩೭ರ ಅಕ್ಟೋಬರ ೨೭ರಂದು ಅವರು ಮದರಾಸಿನಿಂದ ಪಾಂಡಿಚೇರಿಯ ಕಡೆಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿ, ಸಿಂಗಪೆರುಮಾಳಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಫಲಾಟಿನ ಮೇಲೆ ಹಾಸಿಗೆ ಬಿಡಿಸಿ, ತಂಬೂರಿಯ ಶ್ರುತಿ ಕೂಡಿಸಿ, ದರಬಾರಿ ರಾಗದಲ್ಲಿ ಪ್ರಾರ್ಥನೆಯನ್ನು ಹಾಡುತ್ತ ಪ್ರಾಣ ಬಿಟ್ಟರು. ಅವರ ದೇಹವನ್ನು ಮಿರಜಿಗೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಪ್ರತಿ ವರುಷ ಉರುಸಿನಲ್ಲಿ ಅಲ್ಲಿ ಸಂಗೀತಗಾರರು ಕೂಡಿ ಹಾಡುತ್ತಾರೆ.

ನನ್ನ ತಂಬೂರಿಯನ್ನು ತಿದ್ದಿದ ವೃದ್ಧರು ಬುರುಡೆಯ ಸೀಳನ್ನು ಅರ್ಧ ದಿನದಲ್ಲಿ ಮುಚ್ಚಿದರು. ಉಳಿದ ಒಂದೂವರೆ ದಿನ ಅವರು ಕಳೆದದ್ದು ಕುದುರೆಯೊಡನೆ. ಒಮ್ಮೆ ಉಜ್ಜುವುದು, ಮಿಡಿಯುವುದು, ಕಣ್ಣು ಮುಚ್ಚಿ ಕೇಳುವುದು. ೨೦೨೪ರಲ್ಲಿ ಮಿರಜಿನ ಸಿತಾರ ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದು ಸಂತೋಷವೇ. ಆದರೆ ಆ ಕಿವಿಯನ್ನು ಯಾವ ಮಾನ್ಯತಾಪತ್ರವೂ ಮುಂದಿನವರಿಗೆ ಕೊಡಲಾರದು. ಪಕ್ಕದಲ್ಲಿ ಕೂತು ಕಲಿಯುವ ಹುಡುಗನೊಬ್ಬನು ಬೇಕು. ಆ ವೃದ್ಧರ ಪಕ್ಕದ ಮಣೆ ಬರಿದಾಗಿತ್ತು.

ಈಗ ತಂಬೂರಿ ಮತ್ತೆ ನಮ್ಮ ಪಡಸಾಲೆಯಲ್ಲಿದೆ. ವಿದ್ಯುತ್ ಪೆಟ್ಟಿಗೆಯೂ ಇದೆ. ನಾನು ಅದನ್ನು ದೂರುವುದಿಲ್ಲ. ಗುಂಡಿ ಒತ್ತಿದೊಡನೆ ಅದು ಶ್ರುತಿ ಕೊಡುತ್ತದೆ. ತಂಬೂರಿಯಾದರೋ ಹಾಡುವ ಮೊದಲು ನಮ್ಮನ್ನು ಕೇಳಲು ಕೂಡಿಸುತ್ತದೆ. ಮನೆಯ ಹುಡುಗರಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವರಲ್ಲಿ ಚಿಕ್ಕವನು ಮೊನ್ನೆ ಬಿರಡೆ ತಿರುವುತ್ತ ಕುಳಿತವನು ಥಟ್ಟನೆ ಕೈ ನಿಲ್ಲಿಸಿ, ತಾನು ಮಿಡಿಯದ ಸ್ವರವೊಂದು ಎಲ್ಲಿಂದ ಬರುತ್ತಿದೆಯೆಂದು ಕೇಳಿದನು. ನಾನು ಅವನಿಗೆ ಖಾನ್‌ಸಾಹೇಬರ ಕಥೆಯನ್ನು ಹೇಳತೊಡಗಿದೆನು.