ಸಾವಿಗೆ ಸಿದ್ಧರಾಗಿ ಊರು ಬಿಟ್ಟಿದ್ದ ವೈದ್ಯ, ಶುಗರ್ ಜೊತೆ ಬದುಕುವುದನ್ನು ಜಗತ್ತಿಗೆ ಕಲಿಸಿದರು: ಡಾ. ಆರ್.ಡಿ. ಲಾರೆನ್ಸ್ ಜೀವನಗಾಥೆ

ಡಯಾಬಿಟಿಸ್ ಇದೆ ಎಂಬ ರಿಪೋರ್ಟ್ ಕೈಗೆ ಬಂದ ದಿನ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇನ್ನು ಅನ್ನ ಬಿಡಬೇಕೇ? ಮಾತ್ರೆ ಸಾಕೇ, ಇಂಜೆಕ್ಷನ್ ಬೇಕೇ? ಮೊದಲಿನಂತೆ ಕೆಲಸ ಮಾಡಬಹುದೇ? ಇಂದು ಉತ್ತರ ಹೇಳಲು ವೈದ್ಯರಿದ್ದಾರೆ, ಒಂದು ಹನಿ ರಕ್ತದಲ್ಲೇ ಸಕ್ಕರೆ ಪ್ರಮಾಣ ತೋರಿಸುವ ಗ್ಲುಕೋಮೀಟರ್ ಇದೆ, ಬೀದಿಗೊಂದು ಮೆಡಿಕಲ್ ಶಾಪ್ ಇದೆ.

ಆದರೆ 1920ರಲ್ಲಿ ಲಂಡನ್ನಿನ ಯುವ ವೈದ್ಯರೊಬ್ಬರಿಗೆ ಇದೇ ಸುದ್ದಿ ಬಂದಾಗ ಕೇಳಲು ಉಳಿದಿದ್ದ ಪ್ರಶ್ನೆ ಒಂದೇ: ಇನ್ನೆಷ್ಟು ದಿನ? ಆಗಿನ್ನೂ ಇನ್ಸುಲಿನ್ ಬಂದಿರಲಿಲ್ಲ. ಆ ವಯಸ್ಸಿನಲ್ಲಿ ಕಾಯಿಲೆ ಬಂದವರು ಕೆಲವೇ ವರ್ಷಗಳಲ್ಲಿ ಸಾಯುತ್ತಾರೆ ಎಂಬುದು ಸ್ವತಃ ವೈದ್ಯರಾದ ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ಅವರೇ ರಾಬರ್ಟ್ ಡೇನಿಯಲ್ ಲಾರೆನ್ಸ್. ಸ್ನೇಹಿತರಿಗೆ ರಾಬಿನ್. ಮುಂದೆ ಇದೇ ಕಾಯಿಲೆಯ ಜೊತೆ ಅವರು ನಾಲ್ಕೂವರೆ ದಶಕಕ್ಕೂ ಹೆಚ್ಚು ಕಾಲ ಬದುಕಿದರು. ಸಾವಿರಾರು ರೋಗಿಗಳಿಗೆ ಬದುಕುವ ಬಗೆ ಹೇಳಿಕೊಟ್ಟರು.

ಬಟ್ಟೆ ಅಂಗಡಿಯಿಂದ ವೈದ್ಯಕೀಯಕ್ಕೆ

ಲಾರೆನ್ಸ್ ಹುಟ್ಟಿದ್ದು 1892ರ ನವೆಂಬರ್ 18ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ. ತಂದೆಯದು ಬ್ರಷ್ ತಯಾರಿಸುವ ಉದ್ಯಮ. ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಮೊದಲು ಓದಿದ್ದು ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳನ್ನು. ಆಮೇಲೆ ಲಂಡನ್ನಿಗೆ ಹೋಗಿ ಸಂಬಂಧಿಕರ ಬಟ್ಟೆ ವ್ಯಾಪಾರದಲ್ಲಿ ಕೈಜೋಡಿಸಿದರು. ಅದು ಒಗ್ಗಲಿಲ್ಲ. ಊರಿಗೆ ಮರಳಿ ವೈದ್ಯಕೀಯ ಸೇರಿಕೊಂಡರು, 1916ರಲ್ಲಿ ಉತ್ತಮ ದರ್ಜೆಯಲ್ಲಿ ಪದವಿ ಪಡೆದರು.

ಆಗ ಮೊದಲ ಮಹಾಯುದ್ಧದ ಕಾಲ. ಸೇನೆಯ ವೈದ್ಯಕೀಯ ದಳ ಸೇರಿದ ಲಾರೆನ್ಸ್ ಅವರನ್ನು ಭಾರತದ ಗಡಿ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಅಲ್ಲಿ ಆಮಶಂಕೆಗೆ ತುತ್ತಾಗಿ 1919ರಲ್ಲಿ ಬ್ರಿಟನ್ನಿಗೆ ಮರಳಿದರು. ಸೇನೆಯಿಂದ ಬಿಡುಗಡೆಯಾದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸರ್ಜನ್ ಆಗಬೇಕೆಂಬುದು ಅವರ ಕನಸು. ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತರಬೇತಿಯೂ ಶುರುವಾಯಿತು.

ಕಣ್ಣಿಗೆ ಸಿಡಿದ ಮೂಳೆ ಚೂರು

ಒಂದು ದಿನ ಅವರು ಶವದ ಮೇಲೆ ಶಸ್ತ್ರಚಿಕಿತ್ಸೆ ಅಭ್ಯಾಸ ಮಾಡುತ್ತಿದ್ದರು. ಕಿವಿಯ ಹಿಂದಿನ ಮೂಳೆಯನ್ನು ಉಳಿಯಿಂದ ಕೆತ್ತುವಾಗ ಚೂರೊಂದು ಸಿಡಿದು ಬಲಗಣ್ಣಿಗೆ ಬಡಿಯಿತು. ಗಾಯಕ್ಕೆ ಸೋಂಕು ತಗುಲಿತು. ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷೆ ಮಾಡಿದಾಗ ಮೂತ್ರದಲ್ಲಿ ಸಕ್ಕರೆ ಕಂಡಿತು. ಕಣ್ಣಿನ ನೋವಿಗೆಂದು ದಾಖಲಾದವರಿಗೆ ಸಿಕ್ಕಿದ್ದು ಡಯಾಬಿಟಿಸ್ ಇದೆ ಎಂಬ ಸುದ್ದಿ.

ಸೋಂಕು ವಾಸಿಯಾಯಿತಾದರೂ ಆ ಕಣ್ಣಿನ ದೃಷ್ಟಿ ಮೊದಲಿನಂತೆ ಆಗಲಿಲ್ಲ. ಸರ್ಜನ್ ಆಗುವ ಕನಸು ಅಲ್ಲಿಗೆ ಮುಗಿಯಿತು. ಲಾರೆನ್ಸ್ ಅದೇ ಆಸ್ಪತ್ರೆಯ ರಾಸಾಯನಿಕ ಪರೀಕ್ಷಾ ಪ್ರಯೋಗಾಲಯಕ್ಕೆ ಸೇರಿದರು. ಅಲ್ಲಿನ ಮುಖ್ಯಸ್ಥರು ಡಾ. ಹ್ಯಾರಿಸನ್. ಆಯಸ್ಸು ಹೆಚ್ಚಿಲ್ಲ ಎಂದು ಗೊತ್ತಿದ್ದೂ ಲಾರೆನ್ಸ್ ಸಂಶೋಧನೆ ನಡೆಸಿ ಎಂಡಿ ಪ್ರಬಂಧ ಬರೆದರು.

ಹಸಿವೇ ಔಷಧ

ಇನ್ಸುಲಿನ್ ಬರುವ ಮೊದಲು ಡಯಾಬಿಟಿಸ್‌ಗೆ ಇದ್ದ ಚಿಕಿತ್ಸೆ ಕಟ್ಟುನಿಟ್ಟಿನ ಪಥ್ಯ. ಅಮೆರಿಕದ ಫ್ರೆಡರಿಕ್ ಅಲೆನ್, ಎಲಿಯಟ್ ಜೋಸ್ಲಿನ್ ಮೊದಲಾದ ವೈದ್ಯರು ಈ ಪದ್ಧತಿಗೆ ಹೆಸರಾಗಿದ್ದರು. ಇದರ ಲೆಕ್ಕಾಚಾರ ಸರಳ. ದೇಹಕ್ಕೆ ಸಕ್ಕರೆಯನ್ನು ಬಳಸಿಕೊಳ್ಳಲು ಆಗದಿದ್ದರೆ ಸಕ್ಕರೆಯಾಗಿ ಬದಲಾಗುವ ಆಹಾರವನ್ನೇ ಕೊಡದಿರುವುದು. ಬ್ರೆಡ್, ಆಲೂಗಡ್ಡೆ ಬಂದ್. ತರಕಾರಿಯನ್ನೂ ಮೂರು ಸಲ ಬೇಯಿಸಿ, ನೀರು ಬಸಿದು, ಅದರಲ್ಲಿದ್ದ ಪಿಷ್ಟದ ಅಂಶ ತೆಗೆದು ತಿನ್ನಬೇಕಿತ್ತು. ನಡುನಡುವೆ ಪೂರ್ತಿ ಉಪವಾಸದ ದಿನಗಳು.

ಇದರಿಂದ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುತ್ತಿತ್ತು. ಕೆಲವರಿಗೆ ಒಂದೆರಡು ವರ್ಷ ಹೆಚ್ಚು ಆಯಸ್ಸೂ ಸಿಗುತ್ತಿತ್ತು. ಆದರೆ ಮೂಲ ಕಾರಣ ಹಾಗೇ ಉಳಿಯುತ್ತಿತ್ತು. ಸಕ್ಕರೆಯನ್ನು ಜೀವಕೋಶಗಳಿಗೆ ತಲುಪಿಸುವ ಇನ್ಸುಲಿನ್ ಇಲ್ಲದೆ ದೇಹ ತನ್ನದೇ ಕೊಬ್ಬು, ಮಾಂಸಖಂಡಗಳನ್ನು ಕರಗಿಸಿಕೊಳ್ಳುತ್ತಾ ಹೋಗುತ್ತದೆ. ಕೊಬ್ಬು ಉರಿದಾಗ ಹುಟ್ಟುವ ಆಮ್ಲಗಳು ರಕ್ತ ಸೇರಿ ಕೊನೆಗೆ ರೋಗಿ ಪ್ರಜ್ಞೆ ತಪ್ಪುತ್ತಾನೆ. ಆಗಿನ ಕಾಲಕ್ಕೆ ಹಾಗೆ ಪ್ರಜ್ಞೆ ತಪ್ಪಿದವರು ಮತ್ತೆ ಏಳುವುದು ಬಹಳ ಅಪರೂಪ.

ಲಾರೆನ್ಸ್ ಕೂಡ ಇದೇ ಪಥ್ಯದ ಮೇಲೆ ದಿನ ದೂಡಿದರು. ಹೆಚ್ಚು ಕಾಲ ಇಲ್ಲ ಎನಿಸಿದಾಗ ಒಂದು ತೀರ್ಮಾನಕ್ಕೆ ಬಂದರು. ಮನೆಯವರ ಕಣ್ಣೆದುರೇ ನರಳಿ ಸಾಯುವುದು ಅವರಿಗೆ ಬೇಡವಾಗಿತ್ತು. ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ, ಅಲ್ಲಿ ನೆಲೆಸಿದ್ದ ಬ್ರಿಟಿಷರ ನಡುವೆ ಸಣ್ಣದೊಂದು ಪ್ರಾಕ್ಟೀಸ್ ಆರಂಭಿಸಿದರು.

ಫ್ಲಾರೆನ್ಸ್‌ಗೆ ಬಂದ ತಂತಿ

ಅತ್ತ ಕೆನಡಾದ ಟೊರೊಂಟೊದಲ್ಲಿ ಬೇರೊಂದು ಕಥೆ ನಡೆದಿತ್ತು. 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮೆಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಸಾರ ತೆಗೆಯುವ ಕೆಲಸ ಶುರು ಮಾಡಿದ್ದರು. ಅದನ್ನು ಮನುಷ್ಯರಿಗೆ ಕೊಡುವಷ್ಟು ಶುದ್ಧಗೊಳಿಸಿದವರು ಜೇಮ್ಸ್ ಕಾಲಿಪ್. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಡಲಾಯಿತು. ಸಾವಿನಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡ. ಬ್ರಿಟನ್ನಿನಲ್ಲಿ ತಯಾರಿಕೆಯ ಹೊಣೆ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸಿಕ್ಕಿತು. 1923ರ ಹೊತ್ತಿಗೆ ಲಂಡನ್ನಿನ ಆಸ್ಪತ್ರೆಗಳಿಗೂ ಇನ್ಸುಲಿನ್ ಬರತೊಡಗಿತು.

ಆ ಚಳಿಗಾಲ ಫ್ಲಾರೆನ್ಸ್‌ನಲ್ಲಿ ಲಾರೆನ್ಸ್ ಅವರಿಗೆ ಶ್ವಾಸನಾಳದ ಸೋಂಕು ತಗುಲಿ ಡಯಾಬಿಟಿಸ್ ಕೈಮೀರಿತ್ತು. ಕೈಕಾಲುಗಳ ನರಗಳು ದುರ್ಬಲವಾಗಿದ್ದವು. ಇನ್ನೇನು ಮುಗಿಯಿತು ಎನ್ನುವಾಗ ಲಂಡನ್ನಿನಿಂದ ಹ್ಯಾರಿಸನ್ ಅವರ ತಂತಿ ಬಂತು. ಇನ್ಸುಲಿನ್ ಕೈಗೆ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಹೊರಟು ಬಾ ಎಂಬುದು ಅದರ ಸಾರಾಂಶ.

ನಿಲ್ಲಲೂ ತ್ರಾಣವಿಲ್ಲದ ಸ್ಥಿತಿಯಲ್ಲಿ ಲಾರೆನ್ಸ್ ಯುರೋಪ್ ದಾಟುವ ಪ್ರಯಾಣಕ್ಕೆ ಹೊರಟರು. ಬಹಳ ಕಷ್ಟಪಟ್ಟು 1923ರ ಮೇ 28ರಂದು ಕಿಂಗ್ಸ್ ಕಾಲೇಜು ಆಸ್ಪತ್ರೆ ತಲುಪಿದರು. ಪರೀಕ್ಷೆಗಳ ನಂತರ ಮೇ 31ರಂದು ಅವರಿಗೆ ಮೊದಲ ಇನ್ಸುಲಿನ್ ಇಂಜೆಕ್ಷನ್ ಕೊಡಲಾಯಿತು. ಅವರು ಉಳಿದರು.

ಇಂಜೆಕ್ಷನ್ ಜೊತೆ ಶುರುವಾದ ಕಲಿಕೆ

ಇನ್ಸುಲಿನ್ ಜೀವ ಉಳಿಸಿತು ನಿಜ, ಆದರೆ ಅದರ ಜೊತೆ ಬದುಕುವುದು ಹೇಗೆಂದು ಹೇಳಲು ಅನುಭವಸ್ಥರೇ ಇರಲಿಲ್ಲ. ಎಷ್ಟು ಹಾಕಬೇಕು? ಊಟಕ್ಕೆ ಎಷ್ಟು ಹೊತ್ತು ಮೊದಲು? ಹೆಚ್ಚಾದರೆ ಏನಾಗುತ್ತದೆ? ಮೊದಲ ತಲೆಮಾರಿನ ರೋಗಿಗಳು ಇವನ್ನೆಲ್ಲ ತಮ್ಮ ಮೈಮೇಲೆ ಪ್ರಯೋಗ ಮಾಡಿಯೇ ತಿಳಿಯಬೇಕಿತ್ತು.

ಆ ದಿನಗಳ ದಿನಚರಿ ಇಂದಿನವರಿಗೆ ಊಹಿಸುವುದೂ ಕಷ್ಟ. ಗಾಜಿನ ಸಿರಿಂಜನ್ನು ಕುದಿಸಿ ಶುದ್ಧ ಮಾಡಬೇಕು. ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಮನೆಯಲ್ಲಿ ರಕ್ತ ಪರೀಕ್ಷೆಯ ಮಾತೇ ಇಲ್ಲ. ಮೂತ್ರದ ಕೆಲವು ಹನಿಗಳನ್ನು ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಾದರೆ ಸಕ್ಕರೆ ವಿಪರೀತ ಎಂದರ್ಥ. ಇಷ್ಟರಿಂದಲೇ ಅಂದಾಜು ಮಾಡಿ ಇನ್ಸುಲಿನ್ ಪ್ರಮಾಣ ಹೊಂದಿಸಿಕೊಳ್ಳಬೇಕಿತ್ತು.

ಇನ್ನೊಂದು ಅಪಾಯ ಶುಗರ್ ಲೋ ಆಗುವುದು. ಇನ್ಸುಲಿನ್ ಹೆಚ್ಚಾದರೆ, ಊಟ ತಡವಾದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ತಲೆ ಓಡುವುದಿಲ್ಲ. ತಕ್ಷಣ ಸಕ್ಕರೆ ಬಾಯಿಗೆ ಹಾಕದಿದ್ದರೆ ಪ್ರಜ್ಞೆಯೂ ಹೋಗಬಹುದು. ವ್ಯಾಯಾಮ ಮಾಡಿದಾಗ ಇನ್ಸುಲಿನ್‌ನ ಪರಿಣಾಮ ಇನ್ನಷ್ಟು ಜೋರಾಗುತ್ತದೆ ಎಂಬುದನ್ನು ಲಾರೆನ್ಸ್ 1926ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರಿಸಿದರು. ಇನ್ಸುಲಿನ್ ತೆಗೆದುಕೊಳ್ಳುವವರು ವಾಕಿಂಗ್ ಹೊರಡುವಾಗ ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ ಎಂದು ಇಂದಿಗೂ ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಕರಿ ಪಾಲು, ಕೆಂಪು ಪಾಲು

ಚೇತರಿಸಿಕೊಂಡ ಮೇಲೆ ಲಾರೆನ್ಸ್ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಅವರು ಕಟ್ಟಿದ ಡಯಾಬಿಟಿಸ್ ಕ್ಲಿನಿಕ್ ದೇಶದ ದೊಡ್ಡ ಕ್ಲಿನಿಕ್‌ಗಳಲ್ಲಿ ಒಂದಾಗಿ ಬೆಳೆಯಿತು. ಅಲ್ಲಿ ಅವರು ಹಿಡಿದ ದಾರಿ ಸ್ಪಷ್ಟವಾಗಿತ್ತು. ರೋಗಿ ವೈದ್ಯರನ್ನು ನೋಡುವುದು ಅಪರೂಪಕ್ಕೆ. ಆದರೆ ಊಟ, ಇಂಜೆಕ್ಷನ್, ಕೆಲಸ, ನಿದ್ದೆ ಎಲ್ಲವೂ ನಡೆಯುವುದು ಮನೆಯಲ್ಲಿ, ದಿನಕ್ಕೆ ಹಲವು ಬಾರಿ. ಹಾಗಾಗಿ ಪರೀಕ್ಷೆ ಮಾಡುವುದು, ಇಂಜೆಕ್ಷನ್ ಹಾಕಿಕೊಳ್ಳುವುದು, ಊಟ ಅಳೆಯುವುದು ರೋಗಿಗೇ ಬರಬೇಕು.

ಊಟದ ಲೆಕ್ಕಕ್ಕೆ ಅವರು ಸುಲಭ ಪಟ್ಟಿಯೊಂದನ್ನು ರೂಪಿಸಿದರು. ಕರಿ ಪಾಲು ಎಂದರೆ 10 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಆಹಾರ. ಬ್ರೆಡ್, ಆಲೂಗಡ್ಡೆ, ಹಣ್ಣು ಈ ಪಟ್ಟಿಗೆ ಬರುತ್ತಿದ್ದವು. ಕೆಂಪು ಪಾಲು ಎಂದರೆ ಏಳೂವರೆ ಗ್ರಾಂ ಪ್ರೋಟೀನ್ ಮತ್ತು 9 ಗ್ರಾಂ ಕೊಬ್ಬು. ಮೊಟ್ಟೆ, ಮಾಂಸ, ಚೀಸ್ ಇದರಲ್ಲಿದ್ದವು. ಒಂದು ಕರಿ, ಒಂದು ಕೆಂಪು ಸೇರಿದರೆ ಒಂದು ಸಾಲು. ದಿನಕ್ಕೆ ಎಷ್ಟು ಸಾಲು ಎಂದು ವೈದ್ಯರು ಹೇಳಿದರೆ ಸಾಕು, ಪಟ್ಟಿಯಿಂದ ಏನು ಆರಿಸಿಕೊಳ್ಳಬೇಕೆಂಬುದು ರೋಗಿಗೆ ಬಿಟ್ಟದ್ದು. ಇವತ್ತು ಬ್ರೆಡ್ ಬೇಡ ಎನಿಸಿದರೆ ಅದೇ ಲೆಕ್ಕಕ್ಕೆ ಆಲೂಗಡ್ಡೆ. ಇಂದು ಡಯಟಿಷಿಯನ್‌ಗಳು ಎರಡು ಚಪಾತಿ ಬದಲು ಎಷ್ಟು ಅನ್ನ ಎಂದು ಹೇಳಿಕೊಡುವುದರ ಹಿಂದೆಯೂ ಇಂಥದ್ದೇ ಲೆಕ್ಕ ಇದೆ.

ಈ ಎಲ್ಲ ತಿಳಿವಳಿಕೆಯನ್ನು ಅವರು 1925ರಲ್ಲಿ ದಿ ಡಯಾಬಿಟಿಕ್ ಲೈಫ್ ಎಂಬ ಪುಸ್ತಕವಾಗಿ ತಂದರು. ವೈದ್ಯರಿಗೂ ರೋಗಿಗಳಿಗೂ ಬರೆದ ಈ ಪುಸ್ತಕ ಹಲವು ಮುದ್ರಣ ಕಂಡಿತು. 1929ರಲ್ಲಿ ದಿ ಡಯಾಬಿಟಿಕ್ ಎಬಿಸಿ ಬಂತು. ಅದರ ಹಿಂದಿನ ವರ್ಷ ಅವರ ಮದುವೆಯಾಗಿತ್ತು. ದಂಪತಿಗೆ ಮೂವರು ಗಂಡುಮಕ್ಕಳು. ಮೂವತ್ತು ದಾಟುವುದೇ ಅನುಮಾನ ಎನಿಸಿದ್ದವರು ಸಂಸಾರವಂದಿಗರಾದರು.

ಎಚ್.ಜಿ. ವೆಲ್ಸ್ ಜೊತೆ ಕಟ್ಟಿದ ಸಂಘ

ಲಾರೆನ್ಸ್ ಅವರ ರೋಗಿಗಳಲ್ಲಿ ಒಬ್ಬರು ದಿ ಟೈಮ್ ಮಷೀನ್ ಖ್ಯಾತಿಯ ಲೇಖಕ ಎಚ್.ಜಿ. ವೆಲ್ಸ್. ವೆಲ್ಸ್ ಅವರಿಗೂ ಡಯಾಬಿಟಿಸ್ ಇತ್ತು. 1934ರಲ್ಲಿ ಇಬ್ಬರೂ ಸೇರಿ ಡಯಾಬಿಟಿಕ್ ಅಸೋಸಿಯೇಷನ್ ಸ್ಥಾಪಿಸಿದರು. ರೋಗಿಗಳು, ವೈದ್ಯರು ಒಂದೇ ಸಂಘದಲ್ಲಿ ಕುಳಿತು ಮಾತನಾಡುವುದು ಆ ಕಾಲಕ್ಕೆ ಹೊಸ ವಿಚಾರ. ರೋಗಿಗಳಿಗಾಗಿ ಪತ್ರಿಕೆ, ಮಕ್ಕಳಿಗೆ ರಜಾ ಶಿಬಿರ ಇವೆಲ್ಲ ಸಂಘದ ಮೂಲಕ ನಡೆದವು. ಅದೇ ಸಂಘ ಇಂದು ಡಯಾಬಿಟಿಸ್ ಯುಕೆ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ.

1950ರಲ್ಲಿ ಹಲವು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ಆರಂಭವಾದಾಗ ಅದರ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದವರು ಲಾರೆನ್ಸ್. ಇದೇ ಒಕ್ಕೂಟ 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ವಿಶ್ವ ಮಧುಮೇಹ ದಿನ ಶುರು ಮಾಡಿತು. ಅದಕ್ಕೆ ಆರಿಸಿದ್ದು ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14. ಲಾರೆನ್ಸ್ ಅವರ ಹುಟ್ಟುಹಬ್ಬ ಬರುವುದು ಅದಾದ ನಾಲ್ಕೇ ದಿನಕ್ಕೆ.

ಇಂದಿಗೂ ಉಳಿದ ಪಾಠ

ಲಾರೆನ್ಸ್ ಅವರಿಗಿದ್ದದ್ದು ಇನ್ಸುಲಿನ್ ಇಲ್ಲದೆ ಬದುಕಲಾಗದ, ಈಗ ಟೈಪ್ 1 ಎನ್ನುವ ಬಗೆ. ಭಾರತದಲ್ಲಿ ಹೆಚ್ಚಿನವರಿಗೆ ಇರುವುದು ಟೈಪ್ 2. ಅದರಲ್ಲಿ ಹಲವರಿಗೆ ಆಹಾರ ನಿಯಂತ್ರಣ, ವ್ಯಾಯಾಮ, ಮಾತ್ರೆಗಳಿಂದಲೇ ಸಕ್ಕರೆ ಹತೋಟಿಗೆ ಬರುತ್ತದೆ. ಕೆಲವರಿಗೆ ಮುಂದೆ ಇನ್ಸುಲಿನ್ ಬೇಕಾಗಬಹುದು. ಆದ್ದರಿಂದ ಪಕ್ಕದ ಮನೆಯವರ ಪಥ್ಯ, ಪರಿಚಯದವರ ಮಾತ್ರೆ ತಮಗೂ ಸರಿಹೋಗುತ್ತದೆ ಎಂದುಕೊಳ್ಳುವುದು ಅಪಾಯ. ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಇನ್ಸುಲಿನ್ ಇಲ್ಲದ ದೇಹದ ಗತಿ ಏನೆಂಬುದಕ್ಕೆ ಫ್ಲಾರೆನ್ಸ್‌ನ ಆ ಚಳಿಗಾಲವೇ ಉದಾಹರಣೆ.

ಇಂಜೆಕ್ಷನ್ ಎಂದರೆ ಕೊನೆಯ ಹಂತ ಎಂಬ ಭಯ ನಮ್ಮಲ್ಲಿ ಈಗಲೂ ಇದೆ. ಲಾರೆನ್ಸ್ ಅವರ ಪಾಲಿಗೆ ಅದು ಎರಡನೇ ಬದುಕಿನ ಮೊದಲ ದಿನ. ಆ ದಿನದ ನಂತರ ಅವರು ಹ್ಯಾರಿಸನ್‌ರಂಥವರ ನೆರಳಲ್ಲಿ ನಿಲ್ಲಲಿಲ್ಲ, ತಮ್ಮದೇ ಕ್ಲಿನಿಕ್ ಕಟ್ಟಿದರು, ಪುಸ್ತಕ ಬರೆದರು, ಸಂಘ ಬೆಳೆಸಿದರು. ದಿನವೂ ಊಟ ಅಳೆದರು, ದಿನವೂ ಸೂಜಿ ಚುಚ್ಚಿಕೊಂಡರು.

1968ರ ಆಗಸ್ಟ್ 27ರಂದು ಲಂಡನ್ನಿನಲ್ಲಿ ಲಾರೆನ್ಸ್ ನಿಧನರಾದರು. ಆಗ ಅವರಿಗೆ 75 ವರ್ಷ. ಮೊದಲ ಇಂಜೆಕ್ಷನ್ ತೆಗೆದುಕೊಂಡು 45 ವರ್ಷ ಕಳೆದಿತ್ತು.