ಓಲ್ನಿಯ ಪಾದ್ರಿ

ನ್ಯೂಟನ್ ಎಂಬ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವವನು ಗುರುತ್ವಾಕರ್ಷಣ ನಿಯಮವನ್ನು ಕಂಡುಹಿಡಿದ ವಿಜ್ಞಾನಿ. ಆ ಮಹಾಪುರುಷನು ತನ್ನ ಕೊನೆಯ ದಿನಗಳನ್ನು ಕಳೆಯುತ್ತಿದ್ದಾಗಲೇ, 1725ರಲ್ಲಿ, ಲಂಡನ್ ನಗರದ ಬಂದರಿನ ಸಮೀಪದ ವಾಪಿಂಗ್ ಎಂಬಲ್ಲಿ ಅದೇ ಹೆಸರಿನ ಇನ್ನೊಂದು ಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಮಗುವೇ ಜಾನ್ ನ್ಯೂಟನ್. ಇವನು ಯಾವ ನಿಯಮವನ್ನೂ ಕಂಡುಹಿಡಿಯಲಿಲ್ಲ. ಯಾವ ರಾಜ್ಯವನ್ನೂ ಆಳಲಿಲ್ಲ. ಒಂದು ಸಣ್ಣ ಊರಿನ ಚರ್ಚಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪಾದ್ರಿಯಾಗಿದ್ದು ಬಡವರಿಗೆ ದೇವರ ಕೃಪೆಯನ್ನು ಕುರಿತು ಉಪದೇಶ ಮಾಡಿದನು. ಆ ಉಪದೇಶಕ್ಕೆ ಬಲ ಬಂದದ್ದು ಅವನ ಪಾಂಡಿತ್ಯದಿಂದಲ್ಲ, ಅವನು ಬಾಳಿದ ಬಾಳಿನಿಂದ.

ತಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಾರದ ಹಡಗನ್ನು ನಡೆಸುತ್ತಿದ್ದ ಕಪ್ತಾನ, ಕಠಿಣ ಸ್ವಭಾವದವನು. ತಾಯಿ ಎಲಿಜಬೆತ್ ದೈವಭಕ್ತೆ. ಮಗನು ಮುಂದೆ ಧರ್ಮಬೋಧಕನಾಗಬೇಕೆಂಬುದು ಆಕೆಯ ಆಸೆ. ಅಕ್ಷರ ಬಂದ ಕೂಡಲೇ ಬೈಬಲಿನ ಭಾಗಗಳನ್ನೂ ಸ್ತೋತ್ರಗಳನ್ನೂ ಬಾಯಿಪಾಠ ಮಾಡಿಸಿದಳು. ಆದರೆ ಮಗನಿಗೆ ಏಳು ತುಂಬುವ ಮೊದಲೇ ಕ್ಷಯರೋಗ ಆಕೆಯನ್ನು ಕೊಂಡೊಯ್ದಿತು. ಹನ್ನೊಂದನೆಯ ವಯಸ್ಸಿಗೆ ಹುಡುಗನು ತಂದೆಯ ಜೊತೆ ಹಡಗು ಹತ್ತಿದನು. ತಾಯಿ ಕಲಿಸಿದ್ದೆಲ್ಲ ಸಮುದ್ರದ ಗಾಳಿಗೆ ಹಾರಿಹೋದಂತಾಯಿತು.

1742ರಲ್ಲಿ ಕೆಂಟ್ ಪ್ರಾಂತದಲ್ಲಿ ತಾಯಿಯ ಗೆಳತಿಯೊಬ್ಬಳ ಮನೆಗೆ ಹೋದಾಗ, ಆಕೆಯ ಮಗಳು ಮೇರಿ ಕ್ಯಾಟ್ಲೆಟ್ ಎಂಬ ಬಾಲಿಕೆಯನ್ನು ಕಂಡು ಮನಸೋತನು. ಅಲ್ಲಿಂದ ಹೊರಡಲು ಮನಸ್ಸು ಬಾರದೆ, ತಂದೆ ಗೊತ್ತುಮಾಡಿದ್ದ ಜಮೈಕಾದ ಉದ್ಯೋಗವನ್ನು ಕಳೆದುಕೊಂಡನು. ಆ ಕಾಲದಲ್ಲಿ ನೌಕಾಪಡೆಗೆ ಜನ ಸಾಲದಾದಾಗ ದಾರಿಯಲ್ಲಿ ಸಿಕ್ಕ ತರುಣರನ್ನು ಬಲಾತ್ಕಾರವಾಗಿ ಹಿಡಿದು ಯುದ್ಧನೌಕೆಗೆ ಸೇರಿಸುವ ಪದ್ಧತಿಯಿತ್ತು. 1744ರಲ್ಲಿ ನ್ಯೂಟನ್ನನೂ ಹಾಗೆ ಸಿಕ್ಕಿಬಿದ್ದು ಹಾರ್ವಿಚ್ ಎಂಬ ನೌಕೆಯ ಪಾಲಾದನು. ತಪ್ಪಿಸಿಕೊಂಡು ಓಡಿದನು, ಸೆರೆಸಿಕ್ಕಿದನು, ಎಲ್ಲರೆದುರು ಚಾವಟಿಯ ಏಟು ತಿಂದನು. ಇದ್ದ ಸಣ್ಣ ಅಧಿಕಾರವೂ ಹೋಯಿತು. ದೇವರಿಲ್ಲವೆಂದು ವಾದಿಸುವುದರಲ್ಲಿ ಮಾತ್ರವಲ್ಲ, ಇತರರ ನಂಬಿಕೆಯನ್ನು ಕೆಡಿಸುವುದರಲ್ಲಿಯೂ ಅವನಿಗೆ ಆಗ ಸಂತೋಷವಿತ್ತು. ಅವನ ಬಾಯಿಯ ಹೊಲಸು ಹಳೆಯ ನಾವಿಕರನ್ನೂ ನಾಚಿಸುವಂತಿತ್ತು.

ಅಲ್ಲಿಂದ ಗುಲಾಮರ ವ್ಯಾಪಾರದ ಹಡಗಿಗೆ ವರ್ಗವಾಗಿ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ತೀರಕ್ಕೆ ಬಂದನು. 1745ರಲ್ಲಿ ಪ್ಲಾಂಟೇನ್ ದ್ವೀಪದ ಒಬ್ಬ ಬಿಳಿಯ ಗುಲಾಮ ವ್ಯಾಪಾರಿಯಲ್ಲಿ ನೌಕರನಾಗಿ ನಿಂತನು. ಧಣಿಯ ಹೆಂಡತಿಗೆ ಇವನ ಮೇಲೆ ದ್ವೇಷ ಬೆಳೆಯಿತು. ಜ್ವರದಲ್ಲಿ ಬಿದ್ದವನಿಗೆ ನೀರು ಕೊಡುವವರಿರಲಿಲ್ಲ. ಹಸಿವು ತಾಳಲಾರದೆ ರಾತ್ರಿಯ ಕತ್ತಲಲ್ಲಿ ತೋಟದ ಗೆಡ್ಡೆಗಳನ್ನು ಕಿತ್ತು ಹಸಿಯಾಗಿಯೇ ತಿಂದನು. ಮೈಮೇಲೆ ಒಂದು ಅಂಗಿಯಷ್ಟೇ ಉಳಿದಿತ್ತು. ಅಂಥ ಸ್ಥಿತಿಯಲ್ಲಿಯೂ ಅವನ ಬಳಿ ಉಳಿದಿದ್ದುದು ರೇಖಾಗಣಿತದ ಒಂದು ಪುಸ್ತಕ. ಕಡಲತೀರದ ಮರಳಿನ ಮೇಲೆ ಕೋಲಿನಿಂದ ಆಕೃತಿಗಳನ್ನು ಬರೆದು ಯೂಕ್ಲಿಡನ ಪ್ರಮೇಯಗಳನ್ನು ತಾನೇ ಕಲಿತುಕೊಂಡನು.

ಆ ದ್ವೀಪದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಸಂಕೋಲೆ ತೊಟ್ಟು ಮಾರಾಟಕ್ಕೆ ಕಾದಿದ್ದ ಗುಲಾಮರು ತಮಗೆ ಸಿಗುತ್ತಿದ್ದ ಅಲ್ಪ ಆಹಾರದಲ್ಲಿಯೇ ಒಂದು ಪಾಲನ್ನು ಯಾರಿಗೂ ಕಾಣದಂತೆ ಅವನಿಗೆ ತಲುಪಿಸುತ್ತಿದ್ದರು. ಸಿಕ್ಕಿಬಿದ್ದರೆ ಅವರಿಗೆ ಶಿಕ್ಷೆ ತಪ್ಪದು. ಅವನಿಂದ ಅವರಿಗೆ ಆಗಬೇಕಾದುದೇನೂ ಇರಲಿಲ್ಲ. ಅರ್ಹತೆಯನ್ನು ನೋಡದೆ, ಪ್ರತಿಫಲವನ್ನು ಬಯಸದೆ ಬರುವ ದಯೆಗೆ ಕ್ರೈಸ್ತರು ಕೃಪೆ ಎನ್ನುತ್ತಾರೆ. ಮುಂದೆ ಅವನು ಜೀವಮಾನವಿಡೀ ಉಪದೇಶಿಸಿದ ಆ ಕೃಪೆಯನ್ನು ಅವನು ಮೊದಲು ಉಂಡದ್ದು ಈ ಬೇಡಿ ಹಾಕಿದ ಕೈಗಳಿಂದಲೇ ಎನ್ನಬೇಕು. ಆದರೆ ಅದನ್ನು ತಿಳಿಯುವ ಕಣ್ಣು ಅವನಿಗೆ ಆಗ ಇರಲಿಲ್ಲ.

ತಂದೆಯ ಕೋರಿಕೆಯಂತೆ ಅವನನ್ನು ಹುಡುಕುತ್ತ ಬಂದ ಗ್ರೇಹೌಂಡ್ ಎಂಬ ಹಡಗು ಅವನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಿತು. 1748ರ ಮಾರ್ಚ್ ತಿಂಗಳ ಒಂದು ರಾತ್ರಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಭೀಕರ ಬಿರುಗಾಳಿ ಎದ್ದಿತು. ನಿದ್ರೆಯಿಂದೆದ್ದು ಮೇಲೆ ಹೋಗುತ್ತಿದ್ದ ನ್ಯೂಟನ್ನನಿಗೆ ಕಪ್ತಾನನು ಚಾಕುವನ್ನು ತರುವಂತೆ ಹೇಳಿದನು. ಅವನು ಹಿಂದಿರುಗಿದ ಆ ಗಳಿಗೆಯಲ್ಲಿ ಅವನ ಸ್ಥಳದಲ್ಲಿ ಮೇಲೇರಿದ ಇನ್ನೊಬ್ಬ ನಾವಿಕನನ್ನು ಅಲೆಯು ಎಳೆದೊಯ್ದಿತು. ಹಡಗಿನ ಒಂದು ಪಕ್ಕ ಮುರಿದು ನೀರು ನುಗ್ಗಿತು. ಅದರಲ್ಲಿ ಜೇನುಮೇಣವೂ ಹಗುರವಾದ ಮರವೂ ತುಂಬಿದ್ದುದರಿಂದ ಮಾತ್ರ ಅದು ಮುಳುಗಲಿಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ನೀರೆತ್ತಿ ಸೋತವನು, ಯೋಚನೆಯಿಲ್ಲದೆಯೇ, ದೇವರು ಕರುಣಿಸದಿದ್ದರೆ ಉಳಿಗಾಲವಿಲ್ಲವೆಂಬ ಮಾತನ್ನು ಆಡಿಬಿಟ್ಟನು. ಎಷ್ಟೋ ವರ್ಷಗಳಿಂದ ಆ ನಾಲಗೆಯಲ್ಲಿ ದೇವರ ಹೆಸರು ಬಂದದ್ದು ಬಯ್ಗುಳಕ್ಕೆ ಮಾತ್ರ. ತನಗೆ ಕರುಣೆ ಸಲ್ಲುವುದುಂಟೆ ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ಮುರುಕು ಹಡಗು ಸುಮಾರು ನಾಲ್ಕು ವಾರ ತೇಲಿ, ಆಹಾರವೆಲ್ಲ ಮುಗಿಯುವ ಹೊತ್ತಿಗೆ ಐರ್ಲೆಂಡಿನ ಲಫ್ ಸ್ವಿಲಿ ಎಂಬ ಕೊಲ್ಲಿಯನ್ನು ಸೇರಿತು. ಆ ಮಾರ್ಚ್ ತಿಂಗಳ ದಿನವನ್ನು ಅವನು ಸಾಯುವವರೆಗೂ ಪ್ರತಿವರ್ಷ ಪ್ರಾರ್ಥನೆಯಲ್ಲಿ ಕಳೆದನು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಬಹು ಸುಲಭವಾದ ಕಥೆಯಾಗುತ್ತಿತ್ತು. ಮನಸ್ಸು ತಿರುಗಿದವನು ಗುಲಾಮರ ವ್ಯಾಪಾರವನ್ನು ಬಿಡಲಿಲ್ಲ! ಅದೇ ವರ್ಷ ಬ್ರೌನ್‌ಲೋ ಎಂಬ ಗುಲಾಮರ ಹಡಗಿನಲ್ಲಿ ಕಪ್ತಾನನ ಸಹಾಯಕನಾಗಿ ಮತ್ತೆ ಆಫ್ರಿಕಕ್ಕೆ ಹೋದನು. ಆ ಯಾನದಲ್ಲಿ ತೀರವನ್ನು ಬಿಟ್ಟ 218 ಗುಲಾಮರಲ್ಲಿ 62 ಮಂದಿ ಅಮೆರಿಕವನ್ನು ಸೇರುವ ಮೊದಲೇ ಸತ್ತರು. 1750ರಲ್ಲಿ ಮೇರಿಯನ್ನು ಮದುವೆಯಾಗಿ, ಅನಂತರ ಡ್ಯೂಕ್ ಆಫ್ ಆರ್ಗೈಲ್ ಮತ್ತು ಆಫ್ರಿಕನ್ ಎಂಬ ಹಡಗುಗಳಿಗೆ ತಾನೇ ಕಪ್ತಾನನಾಗಿ ಮೂರು ಯಾನಗಳನ್ನು ಮಾಡಿದನು. ಹಡಗಿನ ಮೇಲೆ ಭಾನುವಾರ ಎರಡು ಬಾರಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಹೆಂಡತಿಗೆ ಪ್ರೇಮವೂ ಭಕ್ತಿಯೂ ತುಂಬಿದ ಪತ್ರಗಳನ್ನು ಬರೆಯುತ್ತಿದ್ದನು. ಕೆಳಗೆ, ನೆಟ್ಟಗೆ ನಿಲ್ಲಲೂ ಎತ್ತರವಿಲ್ಲದ ಕತ್ತಲೆಯಲ್ಲಿ, ಹಲಗೆಯ ಮೇಲೊಂದು ಕೆಳಗೊಂದು ಸಾಲಾಗಿ, ಇಬ್ಬಿಬ್ಬರನ್ನು ಕೂಡಿಸಿ ಸಂಕೋಲೆ ಹಾಕಿದ ಮನುಷ್ಯರು ಮಲಗಿರುತ್ತಿದ್ದರು. ಒಮ್ಮೆ ದಂಗೆಯ ಶಂಕೆ ಬಂದಾಗ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಇಕ್ಕಳದಲ್ಲಿ ಹಿಸುಕಿಸಿ ಬಾಯಿ ಬಿಡಿಸಿದನು. ಇದನ್ನು ತನ್ನ ದಿನಚರಿಯಲ್ಲಿ ಅವನೇ ಬರೆದಿಟ್ಟಿದ್ದಾನೆ. ಅಂದಿನ ಸಮಾಜದಲ್ಲಿ ಇದು ಗೌರವದ ಉದ್ಯೋಗವಾಗಿತ್ತೆಂಬುದು ನಿಜ. ಆದರೆ ಇದಿಷ್ಟೇ ಸಮಾಧಾನವೆಂದು ಮುಂದೆ ಅವನೇ ಒಪ್ಪಲಿಲ್ಲ.

1754ರಲ್ಲಿ ಇದ್ದಕ್ಕಿದ್ದಂತೆ ಮೂರ್ಛೆ ಬಂದು ಬಿದ್ದನು. ಸಮುದ್ರಯಾನ ನಿಂತಿತು, ನಿಲ್ಲಿಸಿದ್ದು ರೋಗ, ಆತ್ಮಸಾಕ್ಷಿಯಲ್ಲ. ಮರುವರ್ಷ ಲಿವರ್‌ಪೂಲ್ ಬಂದರಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾದನು. ಬಿಡುವಿನಲ್ಲಿ ಗ್ರೀಕ್ ಹಾಗೂ ಹೀಬ್ರೂ ಭಾಷೆಗಳನ್ನು ಸ್ವಂತ ಪರಿಶ್ರಮದಿಂದ ಕಲಿತನು. ತಾಯಿಯ ಹಳೆಯ ಆಸೆ ಈಗ ಮಗನ ಆಸೆಯಾಯಿತು. ಆದರೆ ಅವನು ಮೊದಲ ಸಲ ಉಪದೇಶ ಮಾಡಲು ನಿಂತದ್ದು ನಗೆಗೀಡಾಯಿತು. ಲೀಡ್ಸ್ ಪಟ್ಟಣದ ಒಂದು ಸಭೆಯಲ್ಲಿ ಟಿಪ್ಪಣಿಯಿಲ್ಲದೆ ಮಾತು ಆರಂಭಿಸಿ, ಸ್ವಲ್ಪ ಹೊತ್ತಿನಲ್ಲಿಯೇ ಮಾತು ತೋಚದೆ ನಿಂತುಬಿಟ್ಟನು. ಮುಂದಿನ ಸಲ ಎಲ್ಲವನ್ನೂ ಬರೆದುಕೊಂಡು ಹೋಗಿ, ಕಾಗದದಿಂದ ಕಣ್ಣೆತ್ತದೆ ಓದಿದನು. ಅದೂ ಯಾರಿಗೂ ರುಚಿಸಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲದ ಈ ಹಳೆಯ ನಾವಿಕನಿಗೆ ದೀಕ್ಷೆ ಕೊಡಲು ಚರ್ಚಿನ ಅಧಿಕಾರಿಗಳು ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಡಾರ್ಟ್‌ಮತ್ ಪ್ರಭುವಿನ ನೆರವಿನಿಂದ 1764ರಲ್ಲಿ ದೀಕ್ಷೆ ದೊರೆತು, ಬಕಿಂಗ್‌ಹ್ಯಾಮ್ ಪ್ರಾಂತದ ಓಲ್ನಿ ಎಂಬ ಊರಿಗೆ ಪಾದ್ರಿಯಾಗಿ ಬಂದನು. ಅವನಿಗೆ ಆಗ ಮೂವತ್ತೆಂಟು ವರ್ಷ.

ಓಲ್ನಿ ಬಡವರ ಊರು. ಅಲ್ಲಿನ ಹೆಂಗಸರೂ ಮಕ್ಕಳೂ ಬೆಳಗಿನಿಂದ ಸಂಜೆಯವರೆಗೆ ಲೇಸು ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಪಾದ್ರಿಯ ವಾರ್ಷಿಕ ವೇತನ 60 ಪೌಂಡು. ಅವನು ಹಳೆಯ ನಾವಿಕರ ಕೋಟನ್ನೇ ತೊಟ್ಟು ಮನೆಮನೆಗೆ ಹೋಗಿ, ಲೇಸಿನ ದಿಂಬಿನ ಪಕ್ಕದಲ್ಲಿ ಕುಳಿತು, ಅವರ ಸಾಲ, ಕಾಯಿಲೆ, ಜಗಳಗಳ ಮಾತನ್ನು ಕೇಳುತ್ತಿದ್ದನು. ಜಾನ್ ಥಾರ್ನ್‌ಟನ್ ಎಂಬ ಶ್ರೀಮಂತ ವರ್ತಕನು ಬಡವರ ಸತ್ಕಾರಕ್ಕಾಗಿ ಅವನಿಗೆ ವರ್ಷಕ್ಕೆ 200 ಪೌಂಡು ಕಳುಹಿಸುತ್ತಿದ್ದನು. ಅವನು ವಾಗ್ಮಿಯಾಗಲೇ ಇಲ್ಲ. ಉಚ್ಚಾರ ಸ್ಪಷ್ಟವಲ್ಲ, ಹಾವಭಾವ ಒರಟು. ಆದರೆ ವಾರವೆಲ್ಲ ಮನೆಗಳಲ್ಲಿ ಕೇಳಿದ ನೋವಿಗೆ ಭಾನುವಾರ ಉಪದೇಶಪೀಠದಿಂದ ಉತ್ತರ ಬರುತ್ತಿತ್ತು. ಪಾಪಿಗಳನ್ನು ಕುರಿತು ಮಾತಾಡುವಾಗ ಅವನು ಮೊದಲು ತನ್ನನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದರಿಂದ ಯಾರಿಗೂ ಬೈಸಿಕೊಂಡಂತೆ ಆಗುತ್ತಿರಲಿಲ್ಲ. ಜನ ಹೆಚ್ಚಿ, ಮರುವರ್ಷವೇ ಚರ್ಚಿನೊಳಗೆ ಹೊಸ ಅಟ್ಟವನ್ನು ಕಟ್ಟಿಸಬೇಕಾಯಿತು.

ನೆರೆಯ ಊರಿನಲ್ಲಿ ಥಾಮಸ್ ಸ್ಕಾಟ್ ಎಂಬ ತರುಣ ಪಾದ್ರಿಯಿದ್ದನು. ತರ್ಕದಲ್ಲಿ ನಿಪುಣ, ನ್ಯೂಟನ್ನನ ಉಪದೇಶವನ್ನು ಹಾಸ್ಯ ಮಾಡುತ್ತಿದ್ದವನು. ಸ್ಕಾಟನ ಸಭೆಗೆ ಸೇರಿದವರೇ ಸಾವಿನ ಹಾಸಿಗೆಯಲ್ಲಿದ್ದಾಗ ಅವನು ಹೋಗಿ ನೋಡಲಿಲ್ಲ. ಓಲ್ನಿಯಿಂದ ನಡೆದುಬಂದು ನ್ಯೂಟನ್ನನು ಅವರನ್ನು ಸಂತೈಸಿ ಹೋದನೆಂದು ತಿಳಿದು ನಾಚಿಕೆಪಟ್ಟನು. ವಾದದಲ್ಲಿ ಗೆಲ್ಲಲು ಸ್ಕಾಟನು ಪತ್ರಗಳನ್ನು ಬರೆದಾಗ ನ್ಯೂಟನ್ನನು ವಾದಕ್ಕಿಳಿಯದೆ ಸ್ನೇಹದಿಂದಲೇ ಉತ್ತರಿಸಿದನು. ಕೆಲವು ವರ್ಷಗಳಲ್ಲಿ ಸ್ಕಾಟನೂ ಅದೇ ನಂಬಿಕೆಗೆ ಬಂದನು. ಮುಂದೆ ಓಲ್ನಿಯಲ್ಲಿಯೇ ಪಾದ್ರಿಯಾದನು.

1767ರಲ್ಲಿ ಕವಿ ವಿಲಿಯಂ ಕೂಪರ್ ಓಲ್ನಿಗೆ ಬಂದು ನೆಲೆಸಿದನು. ಮನೋರೋಗದಿಂದ ನೊಂದಿದ್ದ ಮೃದು ಜೀವ. ಇಬ್ಬರ ತೋಟಗಳ ನಡುವೆ ಒಂದು ಹಿತ್ತಲಷ್ಟೇ ಅಂತರ; ನಿತ್ಯವೂ ಹೋಗಿಬಂದು ಮಾಡುತ್ತಿದ್ದರು. ಪ್ರಾರ್ಥನಾ ಕೂಟಗಳಿಗಾಗಿ ಇಬ್ಬರೂ ಸ್ತೋತ್ರಗಳನ್ನು ರಚಿಸತೊಡಗಿದರು. 1773ರ ಹೊಸವರ್ಷದ ದಿನ, ದಾವೀದ ಅರಸನು ತನ್ನ ಹೀನ ಸ್ಥಿತಿಯನ್ನು ನೆನೆದು ದೇವರ ಉಪಕಾರಕ್ಕೆ ಬೆರಗಾಗುವ ಪ್ರಸಂಗವನ್ನು ಆರಿಸಿಕೊಂಡು ನ್ಯೂಟನ್ನನು ಉಪದೇಶ ಮಾಡಿದನು. ಆ ಉಪದೇಶಕ್ಕೆಂದು ಬರೆದ ಸ್ತೋತ್ರವೇ ಈಗ ಜಗತ್ತಿನಾದ್ಯಂತ ಅಮೇಜಿಂಗ್ ಗ್ರೇಸ್ ಎಂದು ಪ್ರಸಿದ್ಧವಾಗಿರುವುದು. ಲೇಸು ಹೆಣೆಯುವವರಿಗೂ ತಿಳಿಯುವ ಚಿಕ್ಕ ಚಿಕ್ಕ ಮಾತುಗಳ ರಚನೆ ಅದು.

ವಿಧಿಯ ವೈಚಿತ್ರ್ಯವೆಂದರೆ, ಅದೇ ದಿನಗಳಲ್ಲಿ ಕೂಪರನ ಮನಸ್ಸು ಮತ್ತೆ ಕದಡಿತು. ಜಗತ್ತಿನಲ್ಲಿ ಎಲ್ಲರಿಗೂ ಕೃಪೆಯುಂಟು, ತನಗೊಬ್ಬನಿಗೆ ಇಲ್ಲವೆಂಬ ಭ್ರಾಂತಿ ಅವನನ್ನು ಆವರಿಸಿತು. ನೂರಾರು ಜನರನ್ನು ಮುಟ್ಟಿದ ಉಪದೇಶ ಪ್ರಾಣಮಿತ್ರನನ್ನು ಮುಟ್ಟದೆಹೋಯಿತು. ನ್ಯೂಟನ್ನನು ಅವನಿಗೆ ಬೋಧನೆ ಮಾಡಿ ದಣಿಸಲಿಲ್ಲ. ತನ್ನ ಮನೆಯಲ್ಲಿಯೇ ಇರಿಸಿಕೊಂಡು ದಂಪತಿಗಳಿಬ್ಬರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಸೇವೆ ಮಾಡಿದರು. ಕೂಪರನು ಚೇತರಿಸಿಕೊಂಡು ಹೆಸರಾಂತ ಕವಿಯಾದನಾದರೂ ಆ ಭ್ರಾಂತಿ ಅವನನ್ನು ಪೂರ್ತಿ ಬಿಡಲಿಲ್ಲ. ಇಬ್ಬರ ರಚನೆಗಳೂ ಸೇರಿ 1779ರಲ್ಲಿ ಓಲ್ನಿ ಸ್ತೋತ್ರಗಳು ಎಂಬ ಸಂಕಲನ ಪ್ರಕಟವಾಯಿತು. ಅದರಲ್ಲಿದ್ದ 348 ಸ್ತೋತ್ರಗಳಲ್ಲಿ ಹೆಚ್ಚಿನವು ನ್ಯೂಟನ್ನನವು.

1780ರ ಹೊತ್ತಿಗೆ ಅವನು ಲಂಡನ್ನಿನ ಸೇಂಟ್ ಮೇರಿ ವುಲ್‌ನಾತ್ ಚರ್ಚಿನ ಪಾದ್ರಿಯಾಗಿ ಹೋದನು. ಅದು ವರ್ತಕರೂ ಹಣವಂತರೂ ಇರುವ ಪ್ರದೇಶ. 1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಇಪ್ಪತ್ತಾರು ವರ್ಷದ ಪಾರ್ಲಿಮೆಂಟ್ ಸದಸ್ಯನು ಗುಟ್ಟಾಗಿ ಅವನನ್ನು ನೋಡಲು ಬಂದು, ಧೈರ್ಯ ಸಾಲದೆ ಬೀದಿಯ ಚೌಕವನ್ನು ಸುತ್ತಿ ಅನಂತರ ಬಾಗಿಲು ತಟ್ಟಿದನು. ರಾಜಕಾರಣವನ್ನು ತೊರೆದು ಧರ್ಮಕಾರ್ಯಕ್ಕೆ ಸೇರಬೇಕೆಂಬ ತುಮುಲ ಅವನದು. ಬೇರೆ ಪಾದ್ರಿಯಾಗಿದ್ದರೆ ಹಿಗ್ಗಿ ಬರಮಾಡಿಕೊಳ್ಳುತ್ತಿದ್ದನೇನೋ. ನ್ಯೂಟನ್ನನು ಅವನನ್ನು ಪಾರ್ಲಿಮೆಂಟಿನಲ್ಲಿಯೇ ಇರುವಂತೆ ಒಪ್ಪಿಸಿ ಕಳುಹಿಸಿದನು. ಎರಡು ವರ್ಷ ಕಳೆಯುವಷ್ಟರಲ್ಲಿ ವಿಲ್ಬರ್‌ಫೋರ್ಸನು ಗುಲಾಮರ ವ್ಯಾಪಾರದ ನಿಷೇಧಕ್ಕೆ ಟೊಂಕ ಕಟ್ಟಿದನು.

ಆಗ ನ್ಯೂಟನ್ನನು ತನ್ನ ದೀರ್ಘ ಮೌನವನ್ನು ಮುರಿಯಬೇಕಾಯಿತು. ತಾನು ಪಾಪಿಯೆಂದು ಸಾವಿರ ಸಲ ಹೇಳಿಕೊಂಡಿದ್ದವನು ಈ ಒಂದು ಪಾಪದ ವಿವರವನ್ನು ಎಲ್ಲರೆದುರು ಬಿಡಿಸಿ ಹೇಳಿರಲಿಲ್ಲ. ಸಮುದ್ರವನ್ನು ಬಿಟ್ಟ 34 ವರ್ಷಗಳ ಮೇಲೆ, 1788ರಲ್ಲಿ, ಆಫ್ರಿಕದ ಗುಲಾಮ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ತನ್ನ ಒಪ್ಪಿಗೆ ತಡವಾಗಿ ಬಂದಿತೆಂದು ಮೊದಲೇ ಹೇಳಿಕೊಂಡು, ಹಡಗಿನ ಅಂತರಾಳ, ಸಂಕೋಲೆಯ ಗಾಯ, ಚಾವಟಿ, ಹೆಂಗಸರ ಮೇಲಿನ ಅತ್ಯಾಚಾರ, ಸತ್ತವರ ಸಂಖ್ಯೆ ಎಲ್ಲವನ್ನೂ ಕಂಡಂತೆ ಬರೆದನು. ಬ್ರೌನ್‌ಲೋ ಹಡಗಿನ 62 ಸಾವುಗಳ ಲೆಕ್ಕ ಲೋಕಕ್ಕೆ ತಿಳಿದದ್ದು ಹೀಗೆ. 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿಯನ್ನೂ ನುಡಿದನು. ಕೇಳಿ ತಿಳಿದವರ ಮಾತನ್ನು ವ್ಯಾಪಾರಿಗಳು ತಳ್ಳಿಹಾಕಬಹುದಿತ್ತು. ತಮ್ಮಲ್ಲೊಬ್ಬನಾಗಿದ್ದವನ ಮಾತನ್ನು ತಳ್ಳಿಹಾಕುವುದು ಸುಲಭವಾಗಿರಲಿಲ್ಲ.

ಆ ವರ್ಷದ ಕೊನೆಗೆ ಮೇರಿ ತೀರಿಕೊಂಡಳು. ನಲವತ್ತು ವರ್ಷಗಳ ಸಂಗಾತಿ. ಆಕೆಯ ಶರೀರವಿನ್ನೂ ಸಮಾಧಿಯಾಗದ ದಿನಗಳಲ್ಲಿಯೂ ಅವನು ಉಪದೇಶವನ್ನು ತಪ್ಪಿಸಲಿಲ್ಲ. ಆಕೆಯ ಅಂತ್ಯಕ್ರಿಯೆಯ ಉಪದೇಶವನ್ನೂ ತಾನೇ ಮಾಡಿದನು. ಕಣ್ಣು, ಕಿವಿ, ನೆನಪು ಒಂದೊಂದಾಗಿ ಮಂದವಾದವು. ಉಪದೇಶವನ್ನು ಇನ್ನು ನಿಲ್ಲಿಸಬಾರದೇಕೆಂದು ಗೆಳೆಯರು ಕೇಳಿದಾಗ, ಆಫ್ರಿಕದ ಹಳೆಯ ದೈವದೂಷಕನು ಬಾಯಿ ಆಡುವ ತನಕ ಸುಮ್ಮನಿರುವುದುಂಟೆ ಎಂದು ಮರುಪ್ರಶ್ನಿಸಿದನಂತೆ. 1806ರ ಅಕ್ಟೋಬರಿನಲ್ಲಿ, ಟ್ರಫಾಲ್ಗರ್ ಯುದ್ಧದಲ್ಲಿ ನೊಂದವರ ನೆರವಿಗಾಗಿ ಮಾಡಿದ ಕೊನೆಯ ಉಪದೇಶದಲ್ಲಿ, ವಿಷಯವೇ ಮರೆತುಹೋಗಿ ಇತರರು ನೆನಪಿಸಬೇಕಾಯಿತು.

1807ರ ಮಾರ್ಚ್ 25ರಂದು ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನಕ್ಕೆ ದೊರೆಯ ಅಂಕಿತ ಬಿದ್ದಿತು. ಬ್ರಿಟಿಷ್ ವಸಾಹತುಗಳಲ್ಲಿ ಇದ್ದ ಗುಲಾಮರ ಬಿಡುಗಡೆಯ ಶಾಸನವಾದರೋ 1833ರವರೆಗೆ ಬರಲಿಲ್ಲ. ಅದೇ 1807ರ ಡಿಸೆಂಬರ್ 21ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ನ್ಯೂಟನ್ನನು ಕಾಲವಾದನು. ಗೋರಿಯ ಬರಹವನ್ನು ಅವನೇ ಬರೆದಿಟ್ಟಿದ್ದನು. ಒಂದು ಕಾಲದಲ್ಲಿ ನಾಸ್ತಿಕನೂ ದುರಾಚಾರಿಯೂ ಆಗಿದ್ದು, ಆಫ್ರಿಕದಲ್ಲಿ ಗುಲಾಮರಿಗೆ ಸೇವಕನಾಗಿದ್ದವನು ದೇವರ ಕರುಣೆಯಿಂದ ಕ್ಷಮೆ ಪಡೆದು, ತಾನು ಕೆಡಿಸಲೆತ್ನಿಸಿದ ನಂಬಿಕೆಯನ್ನೇ ಬೋಧಿಸಲು ನೇಮಕಗೊಂಡನೆಂಬುದು ಅದರ ಸಾರ.

ಓಲ್ನಿಯ ಆ ಸ್ತೋತ್ರ ಅಟ್ಲಾಂಟಿಕನ್ನು ದಾಟಿ ಅಮೆರಿಕವನ್ನು ಸೇರಿತು. ಇಂದು ಎಲ್ಲೆಡೆ ಕೇಳಿಬರುವ ಧಾಟಿಗೆ 1835ರಲ್ಲಿ ವಿಲಿಯಂ ವಾಕರ್ ಎಂಬಾತನು ಅದನ್ನು ಹೊಂದಿಸಿದನು. ಹಡಗುಗಳಲ್ಲಿ ಸಂಕೋಲೆ ತೊಟ್ಟು ಆ ದೇಶಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳು ತಮ್ಮ ಚರ್ಚುಗಳಲ್ಲಿ ಅದನ್ನು ತಮ್ಮದೇ ಎಂಬಂತೆ ಹಾಡತೊಡಗಿದರು. 1893ರಲ್ಲಿ ಲಂಡನ್ನಿನ ಚರ್ಚಿನ ನೆಲಮಾಳಿಗೆಯನ್ನು ತೆರವು ಮಾಡಿದಾಗ, ನ್ಯೂಟನ್ ದಂಪತಿಗಳ ಅವಶೇಷಗಳನ್ನು ಓಲ್ನಿಗೆ ತಂದು ಅಲ್ಲಿಯ ಚರ್ಚಿನ ಅಂಗಳದಲ್ಲಿ ಮತ್ತೆ ಮಣ್ಣು ಮಾಡಿದರು.